ಮೂರು ತಾಸಿನ ಹಟ್ಟಿ

ನಮ್ಮ ದಾವಣಗೆರೆ ಸೀಮೆಯಲ್ಲಿ ಯಾರನ್ನಾದರೂ ಒಂದು ಊರು ಎಷ್ಟು ದೂರವೆಂದು ಕೇಳಿ ನೋಡಿ ಸ್ವಾಮಿ, ಕಿಲೋಮೀಟರ್ ಎಂಬ ಮಾತು ಅವರ ಬಾಯಿಗೆ ಬಂದರೆ ನನ್ನನ್ನು ಕೇಳಿ. ಮಾಯಕೊಂಡ ಮುಕ್ಕಾಲು ತಾಸು, ಹುಬ್ಬಳ್ಳಿ ಮೂರು ತಾಸು. ನೆಲವನ್ನು ಗಡಿಯಾರದಿಂದ ಅಳೆಯುವ ಜಾಣರು ನಾವು. ಬಸ್ಸು ಕೆಟ್ಟು ನಿಂತರೆ ಊರೇ ದೂರ ಸರಿಯುತ್ತದೆ, ಅದು ಬೇರೆ ಮಾತು. ಈ ಅಳತೆಯನ್ನು ನಂಬಿಕೊಂಡೇ ನಾನು ಈಚೆಗೆ ಒಂದು ಅರ್ಧ ಸುಳ್ಳು ಹೇಳಿ ಸಿಕ್ಕಿಬಿದ್ದೆ.

ಹರಿಹರದಲ್ಲಿರುವ ನನ್ನ ಅಕ್ಕನ ಮಗಳು ವೀಣಾಳಿಗೆ ದೂರದ ಗೌಹಾಟಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅವ್ವ ಒಪ್ಪದಿದ್ದರೆ ಹೋಗುವವಳಲ್ಲ ಹುಡುಗಿ. ಒಪ್ಪಿಸುವ ಭಾರ ಸೋದರಮಾವನ ತಲೆಗೆ ಬಿತ್ತು. ಫೋನಿನಲ್ಲಿ ನಾನು ಊರಿನ ಹೆಸರು ಹೇಳಿದ್ದೇ ತಡ, ಹೆಜ್ಜೆಗೊಂದು ಹಟ್ಟಿಯಿರುವ ಸೀಮೆಯಲ್ಲಿ ಬೆಳೆದ ಅಕ್ಕನ ಕಿವಿಗೆ ಅದು ಗೌಹಟ್ಟಿಯಾಗಿ ಕೇಳಿಸಿತು.

"ಯಾವ ಹಟ್ಟಿನೋ ಅದು? ಚಿತ್ರದುರ್ಗದ ಕಡೇದಾ? ಎಷ್ಟು ದೂರ ಆಗ್ತೈತೆ?"

"ಮೂರು ತಾಸು ಅಕ್ಕಾ."

ಬೆಂಗಳೂರಿನಿಂದ ಅಲ್ಲಿಗೆ ವಿಮಾನ ಹಾರುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು, ಸುಳ್ಳೇನಲ್ಲ. ವಿಮಾನ ಎಂಬ ಒಂದು ಮಾತನ್ನು ಮಾತ್ರ ನುಂಗಿಕೊಂಡೆ. ಆ ಮೂರು ತಾಸು ಹಾರಲು ಹರಿಹರದವರು ಅದರ ಎರಡರಷ್ಟು ಹೊತ್ತು ನೆಲದ ಮೇಲೆ ಕುಲುಕಬೇಕೆಂಬುದನ್ನೂ ಹೇಳಲಿಲ್ಲ.

"ಹುಬ್ಳಿಯಷ್ಟ ಆತಲ್ಲ, ಹೋಗ್ಲಿ ಬಿಡು" ಎಂದಳು ಅಕ್ಕ. ವೀಣಾ ಟಿಕೆಟ್ ತೆಗೆಸಿಯೇಬಿಟ್ಟಳು.

ಅಷ್ಟೊಂದು ನದಿಗಳನ್ನೂ ನುಡಿಗಳನ್ನೂ ಅಡುಗೆಗಳನ್ನೂ ಒಂದು ಸಣ್ಣ ನಿದ್ದೆಯಲ್ಲಿ ದಾಟಿಸಿಬಿಡುವ ವಿಮಾನವು ದೂರವನ್ನು ನಿಜಕ್ಕೂ ಕಡಿಮೆ ಮಾಡುತ್ತದೆಯೋ, ಕಣ್ಣಿಗೆ ಬೀಳದಂತೆ ಮಡಚಿಡುತ್ತದೆಯೋ ಎಂದು ನಾನು ಆರಾಮಾಗಿ ಕೂತು ಚಿಂತಿಸುತ್ತಿದ್ದ ಒಂದು ಬೆಳಿಗ್ಗೆ ಅಕ್ಕನ ಫೋನ್ ಬಂತು.

"ಭಾನುವಾರ ನಾನೂ ಕೂಡಿ ಹೋಗಿ ಆಕಿನ್ನ ಬಿಟ್ಟು, ಸಂಜಿ ಬಸ್ಸಿಗೆ ವಾಪಸ್ ಬರ್ತೀನಿ. ಅಮಾಸಿಗೆ ಬಂದು ಹೋಗ್ತಾಳ ಬಿಡು."

ಸಿಕ್ಕ ಬಸ್ಸು ಹತ್ತಿ ಹರಿಹರಕ್ಕೆ ಓಡಿದೆ. ಅಕ್ಕನ ಮುಂದೆ ಮೊಬೈಲಿನಲ್ಲಿ ನಕಾಶೆ ತೆರೆದು, ನಮ್ಮ ತುಂಗಭದ್ರೆಯಿಂದ ಬ್ರಹ್ಮಪುತ್ರೆಯವರೆಗೆ ಬೆರಳೆಳೆದು ತಪ್ಪೊಪ್ಪಿಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ವೀಣಾ ನಿಂತು ಕೇಳುತ್ತಿದ್ದಳು. ನನ್ನ ಕಳ್ಳಾಟದಿಂದ ಅವಳ ಕೆಲಸ ಹೋಗುತ್ತದಲ್ಲ ಎಂದು ನನಗೆ ಅಳುವೇ ಬಂದಂತಾಯಿತು.

"ಮೂರು ತಾಸು ಅಂದ್ಯಲ್ಲೋ ನನಗೆ!"

"ವಿಮಾನದಾಗ ಅಕ್ಕಾ..."

ಅಕ್ಕ ಆ ನಕಾಶೆಯ ಮೇಲೆ ತಾನೂ ಒಮ್ಮೆ ಬೆರಳೆಳೆದು ನೋಡಿದಳು. ಆಮೇಲೆ ಮೊಬೈಲನ್ನು ನನ್ನ ಕಡೆ ದೂಡಿದಳು.

"ಅಲ್ಲೋ ತಮ್ಮಾ, ದಾವಣಗೆರೆಯಿಂದ ಈ ಮನಿಗೆ ಅರ್ಧ ತಾಸು. ನೀನು ಈ ಹೊಸ್ತಿಲು ತುಳಿದದ್ದು ಎಂಟು ತಿಂಗಳ ಮ್ಯಾಲೆ ಇವತ್ತ. ತಾಸಿನ ಲೆಕ್ಕ ನನಗೆ ಹೇಳಬ್ಯಾಡ. ಈಕಿ ಹೋಗ್ಲಿ, ದಿನಾ ಫೋನ್ ಮಾಡ್ತಾಳ. ನೀನು ಮತ್ತ ಯಾವಾಗ ಬರ್ತಿ, ಅದನ್ನ ಹೇಳು."

ವೀಣಾ ಕಣ್ಣೊರೆಸಿಕೊಂಡು ನಕ್ಕಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಇನ್ಮ್ಯಾಲೆ ವಾರ ವಾರ ಬರ್ತೀನಿ ಅಕ್ಕಾ."

"ವಿಮಾನ ಬ್ಯಾಡ" ಎಂದಳು ಅಕ್ಕ, "ಬಸ್ಸಿಗೇ ಬಾ."