ಹಣಮಂತ್ರಾಯ ಮಾಸ್ತರರು ಬಚ್ಚಿಟ್ಟ ಕಪ್ಪು ಕುಳಿ

ಹಣಮಂತ್ರಾಯ ಮಾಸ್ತರರಿಗೆ ಸಿಂದಗಿ ಸೀಮೆಯಲ್ಲಿ ಒಂದು ಹೆಸರಿತ್ತು. ಗ್ರಹಣ ಯಾವಾಗ, ಬಾಲಚುಕ್ಕಿ ಎತ್ತ ಕಡೆ, ಏನೇ ಕೇಳುವುದಿದ್ದರೂ ಜನ ಅವರ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ವಿಜ್ಞಾನ ಕಲಿಸಿ ಗಳಿಸಿದ ಹೆಸರದು.

೧೯೭೫ರ ಜೂನಿನಲ್ಲಿ ಹಲಸಂಗಿಯ ಇಂದುಬಾಯಿ ಅದೇ ಶಾಲೆಗೆ ಗಣಿತ ಕಲಿಸಲು ಬಂದಳು. ಧಾರವಾಡದಲ್ಲಿ ಎಂ.ಎಸ್‌ಸಿ. ಮುಗಿಸಿದ ಇಪ್ಪತ್ನಾಲ್ಕರ ಹುಡುಗಿ. ಒಂದು ಶನಿವಾರ ಪ್ರಾರ್ಥನೆ ಮುಗಿದ ಮೇಲೆ 'ಕಪ್ಪು ಕುಳಿ'ಯ ಬಗ್ಗೆ ಮಾತಾಡಿದಳು. ದೊಡ್ಡ ನಕ್ಷತ್ರವೊಂದು ಸತ್ತು ತನ್ನೊಳಗೇ ಕುಸಿದರೆ, ಅದರಿಂದ ಬೆಳಕು ಕೂಡ ಹೊರಗೆ ಬರಲಾರದಂತೆ. ಮಕ್ಕಳು ಬಾಯಿ ತೆರೆದುಕೊಂಡು ಕೇಳಿದರು. ಹೆಡ್‌ಮಾಸ್ತರ ಶ್ರೀಶೈಲಪ್ಪನವರು, "ಇಂಥಾದ್ದು ನಮ್ಮ ಸಾಲ್ಯಾಗ ಯಾರೂ ಹೇಳಿರಲಿಲ್ಲ ಬಿಡ್ರಿ," ಅಂದರು.

ಆ 'ಯಾರೂ' ಮಾಸ್ತರರ ಎದೆಗೆ ನಾಟಿತು. ತಟ್ಟನೆ ಎದ್ದು ನಿಂತರು.

"ಬಾಯಾರ, ಅಂಥಾ ಎರಡು ಕುಳಿ ಡಿಕ್ಕಿ ಹೊಡದು ಒಂದಾದ್ರ ಬೆಳಕು ಬರ್ತೈತೋ ಇಲ್ಲೋ?"

ಎಲ್ಲರೆದುರು ಸಿಕ್ಕಿಬೀಳಲಿ ಅಂತಲೇ ಕೇಳಿದ್ದು.

"ಗೊತ್ತಿಲ್ರಿ ಸರ. ಆದ್ರ ಭಾಳ ಚಲೋ ಪ್ರಶ್ನೆ," ಎಂದು ಅವಳು ನಕ್ಕಳು. ಮಕ್ಕಳು ಚಪ್ಪಾಳೆ ತಟ್ಟಿದರು. ಗೊತ್ತಿಲ್ಲ ಅಂದವಳಿಗೆ ಚಪ್ಪಾಳೆ!

ಮರುವಾರ ಪೋಸ್ಟಮನ್ ಮಲಿಕಸಾಬ ಅವಳ ಹೆಸರಿಗೆ ಬಂದ ಇಂಗ್ಲಿಷ್ ವಿಜ್ಞಾನ ಪತ್ರಿಕೆಯನ್ನು ಶಿಕ್ಷಕರ ಕೋಣೆಯ ಮೇಜಿನ ಮೇಲಿಟ್ಟು ಹೋದ. ಸುತ್ತ ಯಾರೂ ಇರಲಿಲ್ಲ. ಮಾಸ್ತರರು ಅದನ್ನು ಕೊಡೆಯೊಳಗೆ ತುರುಕಿಕೊಂಡು ಮನೆಗೆ ಒಯ್ದರು.

ರವಿವಾರ ಮುಂಜಾನೆಯೇ ಡಿಕ್ಷನರಿ ಹಿಡಿದು ಕೂತರು. ಅಣುಬಾಂಬಿನ ಪರೀಕ್ಷೆಗಳ ಮೇಲೆ ಕಣ್ಣಿಡಲು ಹಾರಿಸಿದ ಉಪಗ್ರಹಗಳಿಗೆ ಆಕಾಶದ ಆಳದಿಂದ ಗಾಮಾ ಕಿರಣಗಳ ಮಿಂಚು ಸಿಕ್ಕಿತ್ತಂತೆ. ಎಲ್ಲಿಂದ ಬಂತೋ ಯಾರಿಗೂ ತಿಳಿಯದು. ಸತ್ತ ನಕ್ಷತ್ರಗಳ ಡಿಕ್ಕಿಯೂ ಇರಬಹುದಂತೆ. ಮುಂದೆ ಕುಳಿಗಳು ಕೂಡುವ ಮಾತು ಬಂತು. ತಮ್ಮದೇ ಪ್ರಶ್ನೆ! ಆದರೆ ಉತ್ತರವೆಲ್ಲ ಗಣಿತದಲ್ಲಿತ್ತು. ನಾಲ್ಕು ದಿನ ಗುದ್ದಾಡಿದರೂ ತಲೆಗೆ ಹತ್ತಲಿಲ್ಲ.

"ಆ ಹೊಸಾ ಗಣಿತದ ಅಕ್ಕಾರನ್ನ ಕೇಳಬಾರದೇನ್ರಿ?" ಅಂದಳು ಹೆಂಡತಿ ಕಸ್ತೂರೆವ್ವ.

"ಅಕೀನ್ನ?" ಎಂದು ಸಿಡಿದು ಊಟದ ತಾಟು ಬಿಟ್ಟೆದ್ದರು.

ಐದನೆಯ ದಿನ ಮಧ್ಯಾಹ್ನ ಪತ್ರಿಕೆಯನ್ನು ಅವಳ ಮುಂದಿಟ್ಟರು. "ನಾನ ಒಯ್ದಿದ್ದೆ. ಕೇಳದ ಒಯ್ದಿದ್ದೆ."

"ಗೊತ್ತಿತ್ರಿ. ಮಲಿಕಸಾಬ ಹೊರಗಿಂದ ಕಿಟಕ್ಯಾಗ ನಿಮ್ಮನ್ನ ನೋಡಿದ್ದ."

"ಮತ್ಯಾಕ ಸುಮ್ನಿದ್ರಿ?"

"ಓದಾಕತ್ತಿರಬೇಕು, ಮುಗಸ್ಲಿ ಅಂತ ಬಿಟ್ಟೆ."

ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯದೆ ಪೆನ್ಸಿಲ್ ತೆಗೆದು ಒಂದೊಂದೇ ಸಾಲು ಬಿಡಿಸಿದಳು. ಕುಳಿಗಳಿಂದ ಬೆಳಕು ಬರುವುದಿಲ್ಲ. ಸುತ್ತ ಅನಿಲ ಇದ್ದರೆ ಅದು ಕಾದು ಹೊಳೆಯಬಹುದು. "ಬಹುದು ಅಷ್ಟರಿ ಸರ. ಇನ್ನೂ ಯಾರೂ ಕಂಡಿಲ್ಲ."

ಮರುದಿನ ಮಾಸ್ತರರು ಹತ್ತನೆಯ ತರಗತಿಗೆ ಅದನ್ನು ಹೇಳಿದರು. "ಇದನ್ನ ನನಗ ಬಾಯಾರು ತಿಳಿಸಿಕೊಟ್ರು," ಎಂಬ ಮಾತನ್ನೂ ಹೇಳಿದರು, ಕರಿಹಲಗೆಯ ಕಡೆ ಮುಖ ಮಾಡಿ, ಗಡಬಡಿಸಿ.

"ಹಂಗಾರ ಖರೇನ ಇರಬೇಕ್ರಿ," ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು. ಮಾಸ್ತರರ ಹೊಟ್ಟೆಯಲ್ಲಿ ಮತ್ತೆ ಕಿಚ್ಚೆದ್ದಿತು. ಆದರೂ ಗಂಟೆ ಹೊಡೆದ ಮೇಲೆ, ಓದುವಾಗ ತೋಚಿದ ಇನ್ನೊಂದು ಪ್ರಶ್ನೆ ಹಿಡಿದು ಅವಳ ತರಗತಿಯ ಬಾಗಿಲಿಗೇ ಹೋಗಿ ನಿಂತರು.