ಡಿಕ್ಕಿಯಲ್ಲಿ ಎರಡು ಚೀಲ ಶೇಂಗಾ

ನನ್ನ ಮೊಮ್ಮಗಳು ವೇಣಿ ರಿಪೇರಿ ಮಾಡಿ ನಿಲ್ಲಿಸಿದ ಹಳೆಯ ಬಿಳಿ ಕಾರಿನ ಸೀಟಿನ ಬಟ್ಟೆ ಚೌಕಳಿಯದು. ನನ್ನ ಹೆಗಲ ಮೇಲಿನ ಟವೆಲ್ಲನ್ನೇ ಯಾರೋ ಹೊಲಿದು ಹೊದಿಸಿದಂತೆ ಕಂಡು, ಓದುಗ ಗೆಳೆಯರೇ, ಎಲ್ಲೋ ಪರದೇಶದಲ್ಲಿ ಹುಟ್ಟಿದ ಆ ಗಾಡಿ ನನಗೆ ನೋಡಿದ ಗಳಿಗೆಯಲ್ಲೇ ನಂಟಾಗಿಬಿಟ್ಟಿತು.

ಅದು ಮೂರು ಬಾಗಿಲಿನ ಮೋಟು ಕಾರು. ಹಿಂಬದಿ ಕತ್ತರಿಸಿಟ್ಟಂತಿದೆ, ಅಲ್ಲಿಯ ಬಾಗಿಲೇ ಡಿಕ್ಕಿಯ ಮುಚ್ಚಳ. ಮುಂದಿನ ಜಾಲರಿಯ ಸುತ್ತ ಕುಂಕುಮದ ಗೆರೆಯಂಥ ಕೆಂಪು ಪಟ್ಟಿ. ಸಂತೆಗೆ ಹೋಗಿಬರುವ ಸಾಧಾರಣ ಕಾರಿನ ಮೈಯೊಳಗೆ ಪಂದ್ಯದ ಗಾಡಿಯ ಜೀವ ಇಟ್ಟಿದ್ದಾರಂತೆ: ತೂಕ ಒಂದು ಟನ್ನಿಗೂ ಕಡಿಮೆ, ಬಲ ನೂರು ಕುದುರೆಗೂ ಮೇಲು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಪಕ್ಕದ ತಗಡಿನ ಶೆಡ್ಡಿನಲ್ಲಿ, ಅದರ ಎಂಜಿನ್ನನ್ನು ಒಂದೊಂದು ತಿರುಪನ್ನೂ ಬಿಡದೆ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಉಸಿರಾಡಿಸಿದವಳು ನಮ್ಮ ವೇಣಿ. ಇದನ್ನು ಹೇಳುವಾಗ ನನ್ನ ಎದೆ ಹಿಗ್ಗದಿದ್ದರೆ ಇನ್ಯಾವಾಗ ಹಿಗ್ಗೀತು?

ಆ ಮಿಲ್ಲಿನ ಮಾಲೀಕ ರುದ್ರಪ್ಪನ ಮನೆಯಲ್ಲಿ ಇಂಥವೇ ಮೂರು ಹಳೆಯ ಕಾರುಗಳು ಧೂಳು ತಿನ್ನುತ್ತಿವೆ. ಈ ಕಾರನ್ನು ತಾನೇ ಓಡಿಸಿ ನೋಡುತ್ತೇನೆ, ಒಪ್ಪಿಗೆಯಾದರೆ ಮೂರನ್ನೂ ವೇಣಿಯ ಕೈಗೆ ಕೊಡುತ್ತೇನೆ, ಇಲ್ಲದಿದ್ದರೆ ದಾವಣಗೆರೆಗೆ ಕಳಿಸುತ್ತೇನೆ ಅಂದಿದ್ದ. ಅವಳ ಗ್ಯಾರೇಜು ಉಳಿಯುವುದೂ ಬಾಗಿಲು ಹಾಕುವುದೂ ಆ ಒಂದು ಬೆಳಗಿನ ಮೇಲೆ ನಿಂತಿತ್ತು.

ನಾನು ನಲವತ್ತು ವರ್ಷ ಎತ್ತಿನ ಗಾಡಿ ಹೊಡೆದವನು. ಗಾಡಿಯಲ್ಲಿ ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಆಗ ಒಂದು ಚೀಲವನ್ನು ಹಿಂದಕ್ಕೆ ಸರಿಸಬೇಕು. ಆ ಬೆಳಗ್ಗೆ ಕಾರಿನ ಸುತ್ತ ಒಂದು ಸುತ್ತು ಹಾಕಿದೆ. ಎಂಜಿನ್ ಮುಂದೆ, ಗೇರುಪೆಟ್ಟಿಗೆ ಮುಂದೆ, ಹಿಂದೆ ಬರೀ ಗಾಳಿ. ಅಯ್ಯೋ, ಕೂಸು ಇದನ್ನು ಮರೆತಿದೆ ಅಂದುಕೊಂಡು, ವೇಣಿ ಮುಖ ತೊಳೆಯಲು ಹೋದ ಹೊತ್ತಿನಲ್ಲಿ ಮಿಲ್ಲಿನ ಹಮಾಲನನ್ನು ಕರೆದು ಎರಡು ಚೀಲ ಶೇಂಗಾ ಬೀಜ ಡಿಕ್ಕಿಗೆ ಹಾಕಿಸಿ ಮುಚ್ಚಿದೆ. ಹೇಳಲಿಲ್ಲ. ಗೆದ್ದ ಮೇಲೆ ಹೇಳೋಣ ಅಂತ.

ಮೊಳಕಾಲ್ಮುರು ದಾರಿಯಲ್ಲಿ ಹೊರಟೆವು. ರುದ್ರಪ್ಪ ಸ್ಟೀರಿಂಗ್ ಹಿಡಿದ, ವೇಣಿ ಪಕ್ಕದಲ್ಲಿ, ನಾನು ಹಿಂದೆ. ಸಿದ್ದಾಪುರದ ಬಂಡೆಗುಡ್ಡಗಳ ಹತ್ತಿರ ಏರಿನಲ್ಲಿ ಅವನು ಆಕ್ಸಿಲರೇಟರ್ ಒತ್ತಿದರೆ ಮುಂದಿನ ಚಕ್ರ ಹಿಡಿತ ತಪ್ಪಿ ಕಿರ್ರೆಂದಿತು. ತಿರುವಿನಲ್ಲಿ ಹಿಂಬದಿ ತೂಗಾಡಿತು.

"ಏನವ್ವ ಇದು, ಮದುವೆ ದಿಬ್ಬಣ ಹೊತ್ಕಂಡಂಗೆ ಹೋಗ್ತೈತೆ? ಇದಕ್ಕಿಂತ ನಮ್ಮ ಟ್ರ್ಯಾಕ್ಟರೇ ವಾಸಿ," ಅಂದ ರುದ್ರಪ್ಪ, ಗಾಡಿ ನಿಲ್ಲಿಸಿ.

ವೇಣಿ ಇಳಿದು ಚಕ್ರ ನೋಡಿದಳು, ಬಾನೆಟ್ ಎತ್ತಿದಳು, ಕೊನೆಗೆ ಡಿಕ್ಕಿ ತೆರೆದಳು.

"ತಾತಾ! ಏನಿದು?"

"ಮುಂಭಾರ ಆಗಿತ್ತಲ್ಲವ್ವ... ಸರಿ ಮಾಡ್ದೆ," ಅಂದೆ.

"ಇದ್ರಲ್ಲಿ ಎಳೆಯೋದೇ ಮುಂದಿನ ಗಾಲಿ, ತಾತ. ಮುಂದೆ ಭಾರ ಇದ್ರೇನೆ ಅವು ನೆಲ ಕಚ್ಚೋದು. ನೀನು ಎತ್ತಿನ ಕಾಲೇ ಮೇಲಕ್ಕೆ ಎತ್ತಿಬಿಟ್ಟೀಯಲ್ಲ!"

ರುದ್ರಪ್ಪ ಹೊಟ್ಟೆ ಹಿಡಿದು ನಕ್ಕ. "ಯಜಮಾನ್ರೆ, ನನ್ ಮಿಲ್ಲಿನ ಶೇಂಗಾನೇ ನನ್ ಹಿಂದೆ ಕಟ್ಟಿ ಕಳಿಸೀರಾ?"

ಚೀಲಗಳನ್ನು ದಾರಿ ಪಕ್ಕದ ಚಹದಂಗಡಿಯಲ್ಲಿ ಇಳಿಸಿ, ಅವುಗಳ ಕಾವಲಿಗೆ ನಾನೂ ಇಳಿದುಕೊಂಡೆ. ಕಾರು ಬಿಟ್ಟ ಬಾಣದಂತೆ ಏರು ಹತ್ತಿತು. ಬಂಡೆಯ ತಿರುವಿನಲ್ಲಿ ಒಂದು ಹಿಂದಿನ ಚಕ್ರ ಬೆರಳಷ್ಟು ನೆಲ ಬಿಟ್ಟಿತು. ಮೂರೇ ಕಾಲಿನಲ್ಲಿ, ಒಂದಿಷ್ಟೂ ಜಾರದೆ, ಅಂಟಿಕೊಂಡಂತೆ ತಿರುಗಿತು. ಬೆಂಚಿನ ಮೇಲೆ ಕುಳಿತು ಯೋಚಿಸಿದೆ: ಹೆಗಲಿಗೆ ನೋವೆಂದು ನಾನು ಜೀವಮಾನವೆಲ್ಲ ಹಿಂದಕ್ಕೆ ಸರಿಸಿದ ಭಾರವೇ ಈ ಗಾಡಿಗೆ ಕಾಲೂರುವ ಬಲ. ನನ್ನ ಮಗಳು, ಅಂದರೆ ವೇಣಿಯ ತಾಯಿ, ಬೇಡವೆಂದರೂ ಈ ಹುಡುಗಿ ಗ್ಯಾರೇಜಿನ ಹೊಣೆಯನ್ನು ತಲೆಯ ಮೇಲೆ ಹೊತ್ತುಕೊಂಡಾಗ, ಅದನ್ನೂ ಹಗುರ ಮಾಡಲು ಎಷ್ಟು ಸಲ ಹೊಂಚಿದ್ದೆನೋ.

ಅರ್ಧ ಗಂಟೆಯಲ್ಲಿ ಕಾರು ತಿರುಗಿ ಬಂತು. ಈಗ ಸ್ಟೀರಿಂಗ್ ವೇಣಿಯ ಕೈಯಲ್ಲಿತ್ತು. ರುದ್ರಪ್ಪ ಜೇಬಿನಿಂದ ಮೂರು ಬೀಗದ ಕೈ ತೆಗೆದು ಅವಳ ಅಂಗೈಗೆ ಹಾಕಿ, "ನಾನು ಬಸ್ಸಿಗೆ ಬರ್ತೀನಿ, ಚೀಲ ನನ್ ಜೊತೆ ಬರ್ಲಿ. ಯಜಮಾನ್ರನ್ನ ಕೂರಿಸ್ಕೊ," ಅಂದ.

ನಾನು ಹಿಂದಿನ ಸೀಟಿಗೆ ನುಸುಳಲು ಬಗ್ಗಿದೆ. ವೇಣಿ ನನ್ನ ತೋಳು ಹಿಡಿದಳು.

"ಅಲ್ಲಲ್ಲ ತಾತ. ಮುಂದೆ ಕೂತ್ಕ. ನೀನಿದ್ರೆ ಗಾಡಿ ನೆಲ ಕಚ್ಚತೈತೆ."