ನನ್ನ ಕಂಪ್ಯೂಟರಿಗೆ ನೀರು ಹಾಕಿದವರು ಯಾರು?

ದೆವ್ವ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ ಅವರ ಮೇಲೆ ನಾನೇ ದೆವ್ವದ ಹಾಗೆ ಎರಗುತ್ತಿದ್ದೆ. ಮೈಮೇಲೆ ಬಂತು ಎಂದವರಿಗೆ ಒಂದು ಲೋಟ ಪಾನಕ ಕುಡಿಸಿ ಮಲಗಿಸಿ ಎನ್ನುವ ಪೈಕಿ ನಾನು. ಈಗಲೂ ಬಹಳ ಬದಲಾಗಿಲ್ಲ. ಆದರೆ ಭದ್ರಾವತಿಯ ಬಾಡಿಗೆ ಮನೆಯಲ್ಲಿ ಆದದ್ದೊಂದನ್ನು ಹೇಳದೆ ಹೋದರೆ ಕೃತಘ್ನಳಾಗುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನನ್ನ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ವಿಭಾಗ ಮುಚ್ಚಿಹೋಗಿ ಅವರು ಮನೆಯಲ್ಲಿ ಕುಳಿತಿದ್ದರು. ನನಗೆ ಟೈಪಿಂಗ್ ಬರುತ್ತಿತ್ತು. ಹಳೆಯ ಕಂಪ್ಯೂಟರೊಂದನ್ನು ಕೊಂಡು ಮನೆಯಲ್ಲೇ ಕನ್ನಡ ಅಕ್ಷರ ಜೋಡಿಸುವ ಕೆಲಸ ಶುರು ಮಾಡಿದೆ. ಶಿವಮೊಗ್ಗದ ಗಾಂಧಿ ಬಜಾರಿನ ಪ್ರೆಸ್ಸಿನ ಮಾಲೀಕರು ಪರೀಕ್ಷೆ ಮಾಡಲೆಂದೇ ಒಂದು ಸ್ಮರಣ ಸಂಚಿಕೆ ಕೊಟ್ಟರು. "ಹೇಳಿದ ದಿನಕ್ಕೆ ಮುಗಿಸಿದ್ರೆ ಮುಂದಿನ ಕೆಲಸ ಎಲ್ಲಾ ನಿಮಗೇ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ ತಾಯಿ, ಬೇರೆಯವರನ್ನ ನೋಡ್ಕೋತೀನಿ" ಎಂದರು. ನಮಗೆ ಮನೆ ನಡೆಸಲು ಬೇರೆ ದಾರಿ ಇರಲಿಲ್ಲ.

ಆ ಕಂಪ್ಯೂಟರೋ, ಅರ್ಧ ಪುಟ ಆಗುವುದರೊಳಗೆ ನಿಂತುಬಿಡುತ್ತಿತ್ತು. ಒಮ್ಮೊಮ್ಮೆ ಪರದೆ ಪೂರ್ತಿ ನೀಲಿಯಾಗಿ ಇಂಗ್ಲಿಷಿನಲ್ಲಿ ಬೈಯುತ್ತಿತ್ತು. ಡಬ್ಬ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಶಿವಮೊಗ್ಗದ ವಿನೋಬನಗರದಿಂದ ರಿಪೇರಿಯ ಮಂಜುನಾಥ ಬಂದು ಡ್ರೈವರ್ ಬದಲಿಸಿದ, ಇದ್ದಬದ್ದದ್ದನ್ನೆಲ್ಲ ಅಳಿಸಿ ಸಾಫ್ಟ್‌ವೇರ್ ಹೊಸದಾಗಿ ಹಾಕಿದ. ಅವನು ಬಸ್ಸು ಹತ್ತುವಷ್ಟರಲ್ಲಿ ಮತ್ತೆ ಅದೇ ರಾಗ. ಕೊನೆಗೆ ಬೆಡ್‌ಶೀಟಿನಲ್ಲಿ ಸುತ್ತಿ, ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅವನ ಅಂಗಡಿಗೇ ಒಯ್ದೆ. ಅಲ್ಲಿ ದಿನವಿಡೀ ಒಳ್ಳೆ ಹುಡುಗನ ಹಾಗೆ ಓಡಿತು! ಮನೆಗೆ ತಂದರೆ ಮತ್ತೆ ಹಠ. "ನಿನ್ನ ಮುಖ ಕಂಡ್ರೆ ಹೆದರುತ್ತೆ ಮಾರಾಯ್ತಿ" ಎಂದು ನನ್ನವರು ತಮಾಷೆ ಮಾಡಿದರು. ನನಗೆ ಅಳು ಬಂತು.

ಕೊಡಬೇಕಾದ ದಿನ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಬೆರಳು ಜುಮ್ಮೆನ್ನಲಿಲ್ಲ. ಮಧ್ಯಾಹ್ನದವರೆಗೂ ಅದು ನಿಲ್ಲಲಿಲ್ಲ. ಊಟಕ್ಕೆ ಏಳಲೂ ನನಗೆ ಭಯ, ಎದ್ದರೆ ಎಲ್ಲಿ ಮನಸ್ಸು ಬದಲಿಸುತ್ತದೋ ಎಂದು. ಮಾರನೆಯ ದಿನವೂ ಹಾಗೇ. ಪ್ರಿಂಟರ್ ಜೋಡಿಸಲು ಬಂದ ಮಂಜುನಾಥ ಹೊರಗೆ ಗೋಡೆಯ ಮೂಲೆಯಲ್ಲಿ ಒದ್ದೆಯಾಗಿದ್ದ ನೆಲ ನೋಡಿ ನಕ್ಕ.

"ಅಕ್ಕ, ಕರೆಂಟು ಭೂಮಿಗೆ ಇಳಿಯೋ ಅರ್ಥಿಂಗ್ ಗುಂಡಿಗೆ ನೀರು ಹಾಕಿದ್ರಲ್ಲ, ಅದಕ್ಕೇ ಸರಿಹೋಗಿದೆ. ಬೇಸಿಗೇಲಿ ಆ ಮಣ್ಣು ಒಣಗಿದ್ರೆ ಹಿಂಗೇ ಆಟ ಆಡಿಸುತ್ತೆ. ನನಗೆ ಹೊಳೀಲೇ ಇಲ್ಲ ನೋಡಿ."

ನಾನು ನೀರು ಹಾಕಿರಲಿಲ್ಲ. ಅಲ್ಲೊಂದು ಗುಂಡಿಯಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನವರನ್ನು ಕೇಳಿದರೆ, "ಕುಡಿಯೋಕೇ ನೀರಿಲ್ಲ, ನೆಲಕ್ಕೆ ಹಾಕ್ತೀನಾ?" ಎಂದರು. ಆ ಬೇಸಿಗೆಯಲ್ಲಿ ನಲ್ಲಿಯೂ ದಿನ ಬಿಟ್ಟು ದಿನ ಬರುತ್ತಿತ್ತು. ಪಕ್ಕದ ಮನೆಯ ಸೆಲ್ವಿಯಕ್ಕ ಮಾತ್ರ ನಮ್ಮ ಮನೆಯ ಒಡತಿಯಾಗಿದ್ದ ಅಜ್ಜಿಯ ವಿಷಯ ತೆಗೆದರು. ಅಜ್ಜಿಯ ಗಂಡ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರಂತೆ.

"ದಿನಾ ಬೆಳಿಗ್ಗೆ ಒಂದು ಕೊಡ ನೀರು ಅಲ್ಲೇ ಹಾಕೋರಮ್ಮಾ. ಗಿಡ ಇಲ್ಲ, ಏನಿಲ್ಲ. ಯಾಕಜ್ಜೀ ಅಂದ್ರೆ, ನಮ್ಮ ಯಜಮಾನ್ರು ಹಾಕು ಅಂದು ಹೋಗಿದಾರೆ ಅನ್ನೋರು. ನಾವೆಲ್ಲ ನಗ್ತಿದ್ವಿ."

ನಾವು ಆ ಮನೆಗೆ ಬರುವ ಹೊತ್ತಿಗೆ ಅಜ್ಜಿ ತೀರಿಕೊಂಡು ವರ್ಷ ಕಳೆದಿತ್ತು.

ನಾನು ಅಷ್ಟಕ್ಕೇ ಬಿಡಬೇಕಲ್ಲ. ನಲ್ಲಿ ರಿಪೇರಿಯವರನ್ನು ಕರೆಸಿದೆ. ಆ ಬದಿಗೆ ಪೈಪೇ ಹೋಗಿಲ್ಲ ಎಂದರು. ಒಂದು ದಿನ ಬೆಳಕು ಹರಿಯುವ ಮೊದಲೇ ಎದ್ದು ಮಣ್ಣು ಮುಟ್ಟಿ ನೋಡಿದೆ. ತೇವ ಆರಿ ಗಟ್ಟಿಯಾಗಿತ್ತು. ಕಿಟಕಿಯ ಬಳಿ ಕುಳಿತು ಆ ಮೂಲೆಯನ್ನೇ ನೋಡುತ್ತಿದ್ದೆ. ಯಾರೂ ಬರಲಿಲ್ಲ, ಗೇಟು ಸದ್ದಾಗಲಿಲ್ಲ. ಬೆಳಗಾದ ಮೇಲೆ ಹೊರಗೆ ಹೋಗಿ ನೋಡಿದರೆ ಮಣ್ಣು ತೊಯ್ದಿತ್ತು. ನೀರು ಇನ್ನೂ ಇಂಗುತ್ತಿತ್ತು. ಹೆದರಿದೆ, ಸುಳ್ಳು ಯಾಕೆ ಹೇಳಲಿ? ಆದರೆ ಹೆದರಿಕೆಯ ಹಿಂದೆಯೇ, ಯಾರೋ ಹಿರಿಯರು ತಲೆಯ ಮೇಲೆ ಕೈಯಿಟ್ಟ ಹಾಗಾಯಿತು. ಒಳಗೆ ಬಂದು ಕೆಲಸಕ್ಕೆ ಕುಳಿತೆ.

ಹೇಳಿದ ದಿನಕ್ಕೆ ಸಂಚಿಕೆ ಮುಗಿಸಿ ಕೊಟ್ಟೆ. ಮಾಲೀಕರು ಪುಟಗಳನ್ನು ತಿರುವಿ ನೋಡಿ, ಮುಂದಿನ ಪುಸ್ತಕದ ಕಟ್ಟನ್ನು ನನ್ನ ಮುಂದಿಟ್ಟರು. ಆ ಪ್ರೆಸ್ಸಿನ ಕೆಲಸವೇ ಎಷ್ಟೋ ವರ್ಷ ನಮಗೆ ಅನ್ನ ಹಾಕಿತು. ಸಂಚಿಕೆ ಕೊಟ್ಟ ಮಾರನೆಯ ಬೆಳಿಗ್ಗೆ ಆ ಮೂಲೆ ಒಣಗಿತ್ತು. ಆಮೇಲೆ ಎಂದೂ ತಾನಾಗಿ ಒದ್ದೆಯಾಗಲಿಲ್ಲ. ಆ ಮನೆಯಲ್ಲಿ ಇರುವಷ್ಟು ದಿನ ನಾನೇ ನೀರು ಹಾಕಿದೆ.

ನೆಲದಡಿ ಎಲ್ಲೋ ಸೆಲೆ ಇದ್ದಿರಬೇಕು ಎನ್ನುತ್ತಾರೆ ನನ್ನವರು. ನಿದ್ದೆಗಣ್ಣಿನಲ್ಲಿ ಏನು ಕಂಡಿರೋ ಎಂದ ಮಂಜುನಾಥ. ಇದ್ದರೂ ಇರಬಹುದು, ವಾದ ಮಾಡಲು ನನ್ನ ಬಳಿ ಏನೂ ಇಲ್ಲ. ಸೆಲ್ವಿಯಕ್ಕನಿಗೆ ಅಜ್ಜಿಯ ಹೆಸರೂ ಮರೆತುಹೋಗಿತ್ತು. ಅವರ ಬಾಯಲ್ಲಿ ಬರೀ ಅಜ್ಜಿ.

ಅದೇ ವರ್ಷ ಹಿರಿಯರ ಹಬ್ಬ ಬಂತು. ಸತ್ತವರು ಬಂದು ಉಣ್ಣುತ್ತಾರೆಯೇ ಎಂದು ಪ್ರತಿ ಸಲ ತಕರಾರು ತೆಗೆಯುತ್ತಿದ್ದವಳು ನಾನು. ಆ ಸಲ ಬಾಯಿ ಮುಚ್ಚಿಕೊಂಡು ಅತ್ತೆ ಮಾವನ ಎಡೆಯ ಪಕ್ಕ ಇನ್ನೊಂದು ಎಲೆ ಹಾಕಿ, ಹೋಳಿಗೆಗೆ ತುಪ್ಪ ಬಡಿಸಿದೆ. "ಇದ್ಯಾರಿಗೆ?" ಎಂದು ನನ್ನವರು ಕೇಳಿದರು. "ನೀರು ಹಾಕಿದವರಿಗೆ" ಎಂದೆ. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಎಲೆ ಹಾಕುವುದನ್ನು ಮಾತ್ರ ಒಂದು ವರ್ಷವೂ ತಪ್ಪಿಸಿಲ್ಲ.